ಕೆಳತೋಟದ ದಾರಿಗೆ ತಕ್ಕ ಟಯರು

ಕೋಳಿ ಕೂಗುವ ಮೊದಲೇ ಭಾನುಪ್ರಿಯಾ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿಯ ನಾಲ್ಕು ಗೆರೆ ಎಳೆದಾಗಿರುತ್ತಿತ್ತು. ಆಮೇಲೆ ಕೊಟ್ಟಿಗೆಯ ಸಗಣಿ ಬಾಚುವುದು, ಹಸುಗಳಿಗೆ ಹುಲ್ಲು ಹಾಕುವುದು, ಹಾಲು ಕರೆದು ಡೇರಿಯ ಕ್ಯಾನು ತುಂಬಿಡುವುದು. ಒಲೆ ಹಚ್ಚಿ ಹಂಡೆಗೆ ನೀರು. ಅತ್ತೆಯ ಲಿಂಗಪೂಜೆಗೆ ತಂಬಿಗೆ, ಬಿಲ್ವಪತ್ರೆ, ವಿಭೂತಿ. ರೊಟ್ಟಿಗೆ ರಾಗಿಹಿಟ್ಟು ಕಲಸಿ ಮುಚ್ಚಿಡುವುದು. ಮಗಳು ಇಂಪನಾಳ ಡಬ್ಬಿಗೆ ಬೇರೆ ತಿಂಡಿ, ಏಕೆಂದರೆ ರೊಟ್ಟಿ ಒಯ್ದರೆ ಶಾಲೆಯಲ್ಲಿ ನಗುತ್ತಾರೆ. ಅಟ್ಟ ಹತ್ತಿ, ಕೊಬ್ಬರಿಯಾಗಲೆಂದು ಕೂಡಿಟ್ಟ ಕಾಯಿಗಳಲ್ಲಿ ಇಲಿ ಕೊರೆದವನ್ನು ಆರಿಸಿ ಕೆಳಕ್ಕೆ ಹಾಕುವುದು. ಇಷ್ಟಾಗುವಾಗ ಮೂಡಣ ಕೆಂಪಾಗುತ್ತಿತ್ತು. ಗಂಡ ಯೋಗೀಶ ಎದ್ದು ಬಂದು, ಜಗಲಿಯಲ್ಲಿ ಕೂತು ಕಾಫಿ ಕುಡಿದು, ಇನ್ನು ಕೆಲಸ ಶುರು ಮಾಡೋಣ ಎನ್ನುತ್ತಿದ್ದ.

ಕೆಲಸವೆಂದರೆ ತೋಟದ್ದು. ದಬ್ಬೇಘಟ್ಟದ ಹತ್ತಿರದ ಆ ಮನೆಗೆ ಎರಡು ತೆಂಗಿನ ತೋಟ. ಮೇಲಿನ ತೋಟ ಊರ ಪಕ್ಕದ ಗರಸು ನೆಲದಲ್ಲಿ, ಟಾರು ರಸ್ತೆಗೆ ಅಂಟಿಕೊಂಡೇ ಇದೆ. ಕೆಳತೋಟ ಕೆರೆಯ ಕೆಳಗೆ. ಅಲ್ಲಿಗೆ ಹೋಗಲು ಮೊದಲು ಏರಿಯ ಮೇಲಿನ ಕಲ್ಲುದಾರಿ, ಆಮೇಲೆ ಕೋಡಿಹಳ್ಳದ ಮರಳು, ಕೊನೆಗೆ ತೂಬಿನ ಕೆಳಗಿನ ಎರೆಮಣ್ಣಿನ ತಗ್ಗು. ಬೇಸಿಗೆಯಲ್ಲಿ ಆ ತಗ್ಗು ಕಾವಲಿಯ ಹಾಗೆ ಗಟ್ಟಿ. ನಾಲೆಗೆ ನೀರು ಬಿಟ್ಟು ಕೆರೆ ತುಂಬಿತೆಂದರೆ, ದೀಪಾವಳಿ ಕಳೆಯುವವರೆಗೂ ಅಲ್ಲಿ ಕಾಲಿಟ್ಟರೆ ಮೀನಖಂಡದವರೆಗೆ ಹೂಳುತ್ತದೆ. ಟ್ರ್ಯಾಕ್ಟರಿನವರು ಆ ಕಡೆ ತಲೆ ಹಾಕುವುದಿಲ್ಲ. ಆದರೆ ಕಾಯಿ ಉದುರುವುದು ಮಳೆಗಾಲವೆಂದು ನಿಲ್ಲುವುದಿಲ್ಲ. ಅದನ್ನು ಆರಿಸಿ, ಮಂಕರಿಗೆ ತುಂಬಿ, ತಲೆಗೆ ಸಿಂಬೆಯಿಟ್ಟು ಹೊತ್ತು ತರುವುದು ಆ ಮನೆಯ ಹೆಂಗಸರ ಪಾಲು. ಮೊದಲು ಅತ್ತೆ ಗುರುಸಿದ್ದಮ್ಮ, ಆಮೇಲೆ ಭಾನುಪ್ರಿಯಾ.

ಗುರುಸಿದ್ದಮ್ಮ ಕಾಲು ಅಗಲಿಸಿ ನಡೆಯುತ್ತಿದ್ದಳು. ಪೂಜೆಗೆ ಕೂತರೆ ಗೋಡೆ ಹಿಡಿದೇ ಏಳಬೇಕು. ಮನೆಯಲ್ಲಿ ಅದಕ್ಕೆ ಮಂಡಿನೋವು ಎಂದು ಹೆಸರು. ಅತ್ತೆಯ ಸೀರೆ ಒಗೆಯುವಾಗ ಜೊತೆಯಲ್ಲಿ ಹಳೇ ಬಟ್ಟೆ ಮಡಿಸಿ ಹೊಲಿದ ದಪ್ಪ ಪಟ್ಟಿಗಳು ಸೊಸೆಯ ಕೈಗೆ ಸಿಗುತ್ತಿದ್ದವು. ಮಂಡಿನೋವಿಗೆ ಇವೇಕೆ ಎಂದು ಭಾನುಪ್ರಿಯಾ ಕೇಳಿರಲಿಲ್ಲ.

ಹೋದ ಕಾರ್ತಿಕದಲ್ಲಿ ಕೇಳದೆಯೇ ಗೊತ್ತಾಯಿತು. ಕೆಳತೋಟದಿಂದ ಬಂದು ಮಂಕರಿ ಇಳಿಸುವಾಗ ಒಳಗಿನಿಂದ ಏನೋ ಜಾರಿ ಬಂದಂತಾಯಿತು. ತವರಿಗೆ ಹೋಗಿ ಬರುತ್ತೇನೆಂದು ಹೇಳಿ ತಿಪಟೂರಿನ ಲೇಡಿ ಡಾಕ್ಟರ ಹತ್ತಿರ ಒಬ್ಬಳೇ ಹೋದಳು. ಗರ್ಭಕೋಶ ಕೆಳಕ್ಕೆ ಇಳಿಯುತ್ತಿದೆ, ಇನ್ನೂ ಆರಂಭದಲ್ಲಿದೆ, ಹೇಳಿದ ವ್ಯಾಯಾಮ ಮಾಡಿ, ಭಾರ ಮಾತ್ರ ಹೊರಲೇಬೇಡಿ ಎಂದರು ಡಾಕ್ಟರು. ಅರ್ಧ ಮಂಕರಿಯಾದರೆ ಹೊರಬಹುದೇ ಎಂದು ಇವಳು ಕೇಳಿದಳು. ಡಾಕ್ಟರು ಚೀಟಿಯಲ್ಲಿ ಭಾರ ಹೊರಬಾರದು ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು.

ಸಂಜೆ ಸೊಪ್ಪು ಬಿಡಿಸುತ್ತ ಅತ್ತೆಗೆ ಹೇಳಿದಳು. ಗುರುಸಿದ್ದಮ್ಮ ತಲೆ ಎತ್ತಲಿಲ್ಲ.

"ನಂದೂ ಅದೇ ಕಣೇ. ಯೋಗೀಶಂಗೆ ಹಾಲು ಬಿಡ್ಸಿದ ವರ್ಸದಿಂದ."

"ಮಾವಂಗೆ ಹೇಳಿರ್ಲಿಲ್ವಾ ಅತ್ತೆ?"

"ಏನಂತ ಹೇಳಾದು? ಮಂಡಿನೋವು ಅಂದೆ. ನೀನೂ ಅಂಗೇ ಅನ್ನು. ಗಂಡಸ್ರಿಗೆ ಮಂಡಿ ಆದ್ರೆ ಅರ್ಥ ಆಯ್ತದೆ."

ಭಾನುಪ್ರಿಯಾ ಹಾಗೆಯೇ ಅಂದಳು. ಯೋಗೀಶ ಮರುದಿನವೇ ತುರುವೇಕೆರೆಯಿಂದ ಮಂಡಿಗೆ ಹಚ್ಚುವ ಮುಲಾಮು ತಂದ. ಕೆಟ್ಟವನಲ್ಲ, ಹಚ್ಚಿಕೊಂಡೆಯಾ ಎಂದು ಮರೆಯದೆ ಕೇಳುತ್ತಿದ್ದ. ಅವನ ಕಣ್ಣೆದುರಿಗೆ ಅವಳು ನೆಟ್ಟಗಿದ್ದ ಮಂಡಿಗಳಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು. ಅದರ ಉರಿಗೆ ಕಣ್ಣಲ್ಲಿ ನೀರು ಬಂದರೆ, ಹಿಡಿಯುತ್ತಿದೆ ನೋಡು ಎನ್ನುತ್ತಿದ್ದ. ಮಂಡಿನೋವಾದರೂ ಕೆಳತೋಟದ ಮಂಕರಿ ನಿಲ್ಲಲಿಲ್ಲ. ಅತ್ತೆಯೂ ಮಂಡಿನೋವಿನಲ್ಲೇ ಹೊತ್ತವಳಲ್ಲವೇ.

ಬೇಸಿಗೆಯಲ್ಲಿ ಯೋಗೀಶ, ಬಾಗಿಲು ಹಾಕಿದ ಯಾವುದೋ ರೆಸಾರ್ಟಿನಿಂದ ನಾಲ್ಕು ಗಾಲಿಯ ಬೈಕೊಂದನ್ನು ಕೊಂಡು ತಂದ. ಬೈಕಿನಂತೆಯೇ ಸೀಟು, ಹ್ಯಾಂಡಲು. ಗಾಲಿಗಳು ಮಾತ್ರ ಗಿಡ್ಡ, ದಪ್ಪ. ಗುಡ್ಡ, ಹಳ್ಳ, ಎಲ್ಲಿ ಬೇಕಾದರೂ ಹತ್ತಿ ಇಳಿಯುತ್ತದೆ ಎಂದು ಹೇಳಿ ಮಾರಿದ್ದರು. ಹಿಂದಕ್ಕೊಂದು ಪುಟ್ಟ ಟ್ರೈಲರು ಕಟ್ಟಿಸಿದ. ಊರ ಮಕ್ಕಳು ಅದನ್ನು ಕಪ್ಪೆಗಾಡಿ ಎಂದರು. ಅವನು ಅದರಲ್ಲಿ ಡೇರಿಗೆ ಹೋದ, ದಬ್ಬೇಘಟ್ಟದ ಹೋಟೆಲಿಗೆ ಹೋದ, ಸುಮ್ಮನೆಯೂ ಹೋದ. ಅವನು ಗಾಡಿ ಬಿಟ್ಟು ಹೊರಗೆ ಹೋದ ಮಧ್ಯಾಹ್ನಗಳಲ್ಲಿ ಭಾನುಪ್ರಿಯಾ ಮೇಲಿನ ತೋಟದ ಸಾಲುಗಳ ನಡುವೆ ಓಡಿಸುವುದನ್ನು ಕಲಿತಳು. ಆ ಬೇಸಿಗೆಯ ಕಾಯಿಯನ್ನೆಲ್ಲ ಕೆಳತೋಟದಿಂದ ಅದರಲ್ಲೇ ತಂದಳು. ತಲೆಯ ಮೇಲೆ ಏನೂ ಇಲ್ಲದೆ ಆ ದಾರಿಯಲ್ಲಿ ಬರುವಾಗ ಮೊದಮೊದಲು ಏನನ್ನೋ ಮರೆತು ಬಂದೆ ಅನ್ನಿಸಿ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು.

ಆಷಾಢಕ್ಕೆ ನಾಲೆಯ ನೀರು ಬಂತು. ಅಷ್ಟು ಹೊತ್ತಿಗೆ ಟಾರು ರಸ್ತೆಯಲ್ಲಿ ತಿರುಗಿ ತಿರುಗಿ ಗಾಡಿಯ ಹಿಂದಿನ ಎರಡು ಟಯರು ಬೋಳಾಗಿದ್ದವು. ಎಳೆಯುವುದು ಹಿಂದಿನ ಗಾಲಿಗಳೇ. ತೂಬಿನ ತಗ್ಗಿನಲ್ಲಿ ಗಾಡಿ ನಿಂತಲ್ಲೇ ಜಾರತೊಡಗಿತು. ಯೋಗೀಶನಿಗೆ ತೆಂಗಿನ ಸೀಮೆಯ ಯಾರಿಗಾದರೂ ಹೊಳೆಯುವ ಉಪಾಯವೇ ಹೊಳೆಯಿತು: ಕಾಯಿ ಸುಲಿದುಳಿದ ನಾರುಸಿಪ್ಪೆ, ಕಾಯಿಮಟ್ಟೆ. ಗಿಡದ ಬುಡ ತಂಪಾಗಿರಲು ಮಟ್ಟೆ, ಒಲೆಗೆ ಮಟ್ಟೆ, ಬಚ್ಚಲ ಹಿಂದಿನ ಕೆಸರಿಗೆ ಮಟ್ಟೆ. ಗಾಲಿಗೂ ಆಗುತ್ತದೆ ಅಂದುಕೊಂಡ. ಮಟ್ಟೆಯನ್ನು ಹೊತ್ತು ತಂದು ಎರಡು ಸಾಲು ಹಾಸಿದವಳು ಭಾನುಪ್ರಿಯಾ. ಗಾಡಿ ಸ್ವಲ್ಪ ದೂರ ಚೆನ್ನಾಗಿಯೇ ಬಂತು. ಆಮೇಲೆ ಗಾಲಿಗಳು ಮಟ್ಟೆಯನ್ನು ಅಗಿಯತೊಡಗಿದವು. ನಾರೂ ಎರೆಮಣ್ಣೂ ಬೆರೆತು ಟಯರಿಗೆ ಮೆತ್ತಿಕೊಂಡಿತು, ಉಳಿದ ನಾರು ಅಚ್ಚಿಗೆ ಸುತ್ತಿಕೊಂಡು ಗಾಡಿ ಕೆಸರಿನ ನಟ್ಟನಡುವೆ ನಿಂತುಬಿಟ್ಟಿತು.

ಯೋಗೀಶ ಮೆಕ್ಯಾನಿಕನನ್ನು ಕರೆತರಲು ಹೋದ. ಹೋಗುವಾಗ, ಟ್ರೈಲರಿನಲ್ಲಿ ಕಾಯಿ ಬಿಟ್ಟು ಬರಬೇಡ, ಯಾರಾದರೂ ಒಯ್ದಾರು ಎಂದ. ಅವಳು ಮಂಕರಿಗೆ ತುಂಬಿ, ಕತ್ತಲಾಗುವವರೆಗೂ ಹೊತ್ತಳು. ಮನೆಗೆ ಬಂದಾಗ ಗುರುಸಿದ್ದಮ್ಮ ತನ್ನ ಪೆಟ್ಟಿಗೆಯಿಂದ ಒಗೆದು ಮಡಿಸಿದ ಬಟ್ಟೆಯ ಪಟ್ಟಿಯೊಂದನ್ನು ತೆಗೆದು ಸೊಸೆಯ ಕೈಗಿಟ್ಟಳು.

ನಾರು ಬಿಡಿಸಿ ಗಾಡಿ ರಿಪೇರಿಯಾಯಿತು. ಹಿಂದಿನ ಟಯರು ಬದಲಾಯಿಸಬೇಕೆಂಬುದು ಖಾತ್ರಿಯಾಯಿತು. ಊಟಕ್ಕೆ ಕೂತಾಗ ಯೋಗೀಶ ತೀರ್ಮಾನ ಹೇಳಿದ.

"ರೋಡ್ ಟಯರೇ ಹಾಕ್ಸನ. ಓಡಾಡಾಕೆ ಸಲೀಸು, ಬೇಗ ಸವೆಯಾಕಿಲ್ಲ."

"ಕೆಳತೋಟಕ್ಕೆ?" ಎಂದಳು ಭಾನುಪ್ರಿಯಾ.

"ಅದೇನ್ ವರ್ಸೆಲ್ಲಾ ಕೆಸರಾ? ಮಳೆಗಾಲದಾಗೆ ಹೊತ್ಕೊಂಡ್ರಾಯ್ತು ಬುಡು."

ಅವಳು ಅವನ ಗಂಗಳಕ್ಕೆ ಇನ್ನೊಂದು ಮುದ್ದೆ ಹಾಕಿದಳು. ಆಚೆ ಕೂತಿದ್ದ ಗುರುಸಿದ್ದಮ್ಮ ಮಗನ ಕಡೆ ನೋಡಿದಳು, ಬಾಯಿ ತೆರೆದಳು, ಸಾರು ಕೇಳಿದಳು.

ಆ ಗಾಡಿಯ ಟಯರು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ತಿಪಟೂರಿನ ಇನಾಯತುಲ್ಲಾ ಮೂರು ಥರದ್ದನ್ನು ಹೊರಗಿನಿಂದ ತರಿಸಿಟ್ಟು, ಒಂದನ್ನು ಆರಿಸಿಕೊಂಡರೆ ಉಳಿದವನ್ನು ವಾಪಸ್ಸು ಕಳಿಸುತ್ತೇನೆ ಎಂದಿದ್ದ. ಯೋಗೀಶನೇ ಹೋಗಬೇಕಿತ್ತು. ಹೊರಡುವ ಬೆಳಿಗ್ಗೆ ಕೆಂಕೆರೆಯ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದು ಅವನು ಆ ಕಡೆ ಹೋದ. ಆಟೋ ಗೊತ್ತು ಮಾಡಿಯಾಗಿದೆ, ಇನಾಯತ್ ಭಾಯಿಗೆ ಫೋನಿನಲ್ಲಿ ಹೇಳಿದ್ದೇನೆ, ನೀನು ಹಾಕಿಸಿಕೊಂಡು ಬಾ ಅಷ್ಟೆ ಎಂದ. ಲಗೇಜ್ ಆಟೋದಲ್ಲಿ ಗಾಡಿ ಹೇರಿಸಿಕೊಂಡು, ಡ್ರೈವರಿನ ಪಕ್ಕ ಕೂತು ಭಾನುಪ್ರಿಯಾ ತಿಪಟೂರಿಗೆ ಬಂದಳು.

ಇನಾಯತುಲ್ಲಾ ಬಿಳಿಗಡ್ಡದ, ನಿಧಾನದ ಮನುಷ್ಯ. ಗಾಡಿ ಇಳಿಸಿಕೊಂಡು, ಬೋಳು ಟಯರಿನ ಮೇಲೆ ಅಂಗೈ ಆಡಿಸಿ, ಇದು ಎಲ್ಲೆಲ್ಲಿ ಓಡುತ್ತದೆ ಎಂದು ಕೇಳಿದ. ಅವಳು ಏರಿಯ ಕಲ್ಲು, ಹಳ್ಳದ ಮರಳು, ತೂಬಿನ ತಗ್ಗು ಎಲ್ಲವನ್ನೂ ಹೇಳಿದಳು. ಅವನು ಅಚ್ಚರಿಪಟ್ಟ.

"ಯೋಗೀಶಣ್ಣ ಬರೀ ರೋಡು ಅಂದ್ರಲ್ಲ ತಾಯಿ."

"ಅವ್ರು ರೋಡಲ್ಲಿ ಓಡುಸ್ತಾರೆ ಕಣಣ್ಣ. ಕೆಳಗೆ ಹೋಗೋಳು ನಾನು."

ಅವನು ಮೂರು ಜೊತೆಯನ್ನೂ ತಂದು ಗೋಡೆಗೆ ಒರಗಿಸಿದ. ಮೊದಲನೆಯದು ನುಣುಪು, ಸಣ್ಣ ಗೀರುಗಳದು. ಟಾರಿನಲ್ಲಿ ಸದ್ದಿಲ್ಲದೆ ಓಡುತ್ತದೆ, ಕೆಸರಿಗೆ ಇಳಿದರೆ ಮುಗಿಯಿತು. ಎರಡನೆಯದು ಬಟನ್ ಟಯರು, ಮೈತುಂಬ ಒತ್ತೊತ್ತಾಗಿ ಸಣ್ಣ ಗುಬುಟುಗಳು. ಕಲ್ಲಿಗೂ ಆಗುತ್ತದೆ, ಮರಳಿಗೂ ಆಗುತ್ತದೆ, ರಸ್ತೆಗೂ ತೀರಾ ಕೆಟ್ಟದ್ದಲ್ಲ. ಮೂರನೆಯದು ಕೆಸರಿನದು, ದೂರದೂರಕ್ಕೆ ಉದ್ದ ಹಲ್ಲು. ಟಾರಿನಲ್ಲಿ ಗಡಗಡ ಅನ್ನುತ್ತದೆ, ಸೊಂಟ ನೋಯುತ್ತದೆ, ಬೇಗ ಸವೆಯುತ್ತದೆ. ತೋಟದಲ್ಲಿ ಎಚ್ಚರ ತಪ್ಪಿದರೆ ತೆಂಗಿನ ಮೇಲುಬೇರನ್ನೂ ಡ್ರಿಪ್ ಪೈಪನ್ನೂ ಕತ್ತರಿಸುತ್ತದೆ ಎಂದ. ಮಧ್ಯದ ಜೊತೆಯನ್ನು ತಟ್ಟಿ ತೋರಿಸಿದ.

"ಇದು ಹಾಕ್ಸಿ. ಅವ್ರಿಗೂ ಆಯ್ತು, ನಿಮಗೂ ಆಯ್ತು. ಮನೇಲಿ ಮಾತು ಬರಲ್ಲ. ಒಂದ್ಸಲ ಹಾಕಿ ಓಡ್ಸಿದ್ರೆ ವಾಪಸ್ ತಗಳಲ್ಲ, ಅದು ನೆನಪಿರ್ಲಿ."

ಅಂದು ಶುಕ್ರವಾರ. ನಮಾಜಿಗೆ ಹೊತ್ತಾಯಿತೆಂದು ಅವನು ಕೈ ತೊಳೆದು ಟೋಪಿ ಹಾಕಿಕೊಂಡ. ಬಂದು ಫಿಟ್ ಮಾಡುತ್ತೇನೆ, ಅಷ್ಟರಲ್ಲಿ ಯಜಮಾನರಿಗೆ ಒಂದು ಫೋನು ಮಾಡಿ ಕೇಳಿಬಿಡಿ ಎಂದು ಹೇಳಿ ಹೋದ.

ಅಂಗಡಿಯಲ್ಲಿ ಭಾನುಪ್ರಿಯಾ ಒಬ್ಬಳೇ ಉಳಿದಳು. ಫೋನು ಕೈಯಲ್ಲೇ ಇತ್ತು. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು. ಸಾವಿನ ಮನೆಯಲ್ಲಿರುವವನಿಗೆ "ಮಂಡಿಯಲ್ಲ ಕಣ್ರೀ, ಬೇರೆ" ಎಂದು ಹೇಗೆ ಬಿಡಿಸಿ ಹೇಳುವುದೆಂದು ಗೊತ್ತಿರಲಿಲ್ಲ. ಫೋನನ್ನು ಚೀಲಕ್ಕೆ ಹಾಕಿದಳು.

ಕೂತು ಬಟನ್ ಟಯರಿನ ಗುಬುಟುಗಳ ಸಂದಿಗೆ ಬೆರಳು ತೂರಿಸಿದಳು. ಒಂದೇ ಬೆರಳು, ಅದೂ ಬಿಗಿಯಾಗಿ. ತೂಬಿನ ತಗ್ಗಿನ ಮಣ್ಣು ಎಂಥದೆಂದು ಅವಳ ಅಂಗಾಲಿಗೆ ಗೊತ್ತು. ಇಷ್ಟು ಸಂದಿಗೆ ಮೆತ್ತಿಕೊಂಡರೆ ತಾನಾಗಿ ಬೀಳುವುದಿಲ್ಲ, ಕಡ್ಡಿಯಿಂದ ಕೆರೆದೇ ತೆಗೆಯಬೇಕು. ಎರಡು ಸುತ್ತು ತಿರುಗುವಷ್ಟರಲ್ಲಿ ಈ ಟಯರೂ ಬೋಳಾದಂತೆಯೇ. ಕೆಸರಿನ ಟಯರಿನ ಹಲ್ಲುಗಳ ನಡುವೆ ಇಡೀ ಅಂಗೈ ಹಿಡಿಸಿತು. ಇಲ್ಲಿ ಮಣ್ಣು ನಿಲ್ಲುವುದಿಲ್ಲ, ಗಾಲಿ ತಿರುಗಿದಂತೆ ಉದುರುತ್ತದೆ.

ಆದರೆ ಬೇರು? ಪೈಪು? ಮೇಲಿನ ತೋಟದಲ್ಲಿ ಗಿಡದ ಪಾತಿಗಳನ್ನು ಬಿಟ್ಟು ಸಾಲಿನ ನಡುವೆಯೇ ಓಡಿಸಬೇಕು. ಗಾಡಿ ಹಾಯುವಲ್ಲೆಲ್ಲ ಪೈಪನ್ನು ಗುಂಡಿ ತೋಡಿ ಹೂಳಬೇಕು. ಗುದ್ದಲಿ ಹಿಡಿದು ಹೂಳುವವಳೂ ತಾನೇ. ಟಾರಿನ ಮೇಲೆ ಗಡಗಡ ಅಂದಾಗಲೆಲ್ಲ ಯೋಗೀಶ ಆಡುವ ಮಾತು ಕೇಳುವವಳೂ ತಾನೇ. ಬಟನ್ ಟಯರು ಹಾಕಿಸಿದರೆ ಮಾತಿಲ್ಲ, ಗುಂಡಿ ತೋಡುವುದಿಲ್ಲ; ಎಲ್ಲ ಸುಸೂತ್ರ, ತೂಬಿನ ತಗ್ಗಿನವರೆಗೆ. ಅಲ್ಲಿಂದಾಚೆಗೆ ಸಿಂಬೆ.

ಯಾವುದನ್ನು ಆರಿಸಿದರೂ ಕೆಲಸ ತನಗೇ ಬರುತ್ತದೆ. ನೆಲ ಅಗೆಯುವ ಕೆಲಸ ಒಂದು ಕಡೆ, ತಲೆಯ ಮೇಲೆ ಹೊರುವ ಕೆಲಸ ಇನ್ನೊಂದು ಕಡೆ. ಹೊರಗೆ ಕೊಬ್ಬರಿ ಮೂಟೆಯ ಲಾರಿಯೊಂದು ಹಾದುಹೋಗಿ ಅಂಗಡಿಯ ತಗಡು ಅದುರಿತು.

ಆಮೇಲೆ ಎದ್ದಳು. ನುಣುಪಿನ ಜೊತೆಯನ್ನೂ ಬಟನ್ ಜೊತೆಯನ್ನೂ ಒಂದೊಂದಾಗಿ ಉರುಳಿಸಿ ಒಳಗಿನ ಗೋಡೆಗೆ ಸೇರಿಸಿದಳು. ಉದ್ದ ಹಲ್ಲಿನ ಎರಡನ್ನೂ, ಎತ್ತದೆ, ನೆಲದ ಮೇಲೆಯೇ ಉರುಳಿಸುತ್ತ ತಂದು, ಗಾಡಿಯ ಹಿಂದಿನ ಗಾಲಿಗಳಿಗೆ ಒರಗಿಸಿ ನಿಲ್ಲಿಸಿದಳು.