ಚಾಪೆಲ್ಲಿನ ಎಡಗೋಡೆ

ಫಿಲೋಮಿನಾ ಅವರೇ, ನಿಮ್ಮ ಕಣ್ಣು ಸರಿಯಾಗಿಯೇ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಮರೆತಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ.

ನೀವು ಬರೆದ ಆ ಚಿತ್ರ ಹೊಸ ತಿಪ್ಪಸಂದ್ರದ ನಮ್ಮ ಮನೆಯ ಹಾಲಿನಲ್ಲಿ ತೂಗುತ್ತಿದೆ. ರಿಚರ್ಡ್ಸ್ ಟೌನಿನ ನಿಮ್ಮ ಬೀದಿಯ ಹಳೆಯ ಚಾಪೆಲ್, ಟ್ರೇಸಿಂಗ್ ಪೇಪರಿನ ಮೇಲೆ ಕಪ್ಪು ಇಂಕಿನಲ್ಲಿ. ಬಂದವರೆಲ್ಲ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಾರೆ. ಹೆಂಚಿನ ಒಂದೊಂದು ಸಾಲನ್ನೂ ಬಿಡಿಸಿದ ತಾಳ್ಮೆ, ಬಾಗಿಲ ಕಮಾನಿನ ಕೆಳಗೆ ಸಣ್ಣ ಸಣ್ಣ ಗೀಟುಗಳಿಂದಲೇ ತಂದ ನೆರಳು — ಯಾವುದೂ ಆ ಮಹಾಶಯರಿಗೆ ಕಾಣುವುದಿಲ್ಲ. "ಏನ್ ಸ್ಟ್ರೇಟ್ ಲೈನ್ ಸರ್ ಇದು!" ಎಂದು ಎಡಗೋಡೆಯನ್ನು ಹೊಗಳುತ್ತಾರೆ. ಇಡೀ ಚಿತ್ರದಲ್ಲಿ ಜೀವವಿಲ್ಲದ ಗೆರೆ ಅದೊಂದೇ, ಅದು ನನ್ನದು. ಅವರ ದಡ್ಡತನಕ್ಕೆ ಒಳಗೊಳಗೇ ನಗುತ್ತೇನೆ, ಹಲ್ಲು ಕಿರಿದು ಥ್ಯಾಂಕ್ಸ್ ಅನ್ನುತ್ತೇನೆ. ಅವರದು ಬರೀ ದಡ್ಡತನ. ನನ್ನದು ಹೇಸಿಗೆ.

ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿಗೆ ನಾನು ಹೆಡ್, ನೀವು ಟ್ರೇಸರ್ — ನಾವು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಹಾಳೆ ಹಾಸಿ ಇಂಕಿನಲ್ಲಿ ತೀಡುವವರು. ಊಟದ ಬಿಡುವಿನಲ್ಲಿ ದಿನವೂ ಕೂತು, ಸ್ಕೇಲು ಮುಟ್ಟದೆ, ಆ ಚಾಪೆಲ್ ಬರೆದಿರಿ. ನನಗೆ ಹೊಟ್ಟೆ ಉರಿಯಿತು. ಅಂಥ ಗೆರೆ ನನ್ನ ಕೈಗೆ ಎಂದೂ ಬಂದಿರಲಿಲ್ಲ. ಹುಳುಕು ಹುಡುಕಿದೆ — ಎಡಗೋಡೆ ಹೊರಕ್ಕೆ ವಾಲಿತ್ತು.

"ಆ ಗೋಡೆ ಹಂಗೇ ಇದೆ ಸರ್," ಎಂದಿರಿ.

"ಗೋಡೆ ಅಲ್ಲಮ್ಮಾ ವಾಲಿರೋದು, ನಿನ್ನ ಕಣ್ಣು."

ಇಡೀ ಸೆಕ್ಷನ್ ನಕ್ಕಿತು. ಆ ನಗುವಿನ ಹುಮ್ಮಸ್ಸಿನಲ್ಲಿ, ನಕ್ಷೆಯ ತಪ್ಪು ತಿದ್ದುವಾಗ ಮಾಡುವ ಹಾಗೆ, ಬ್ಲೇಡಿನಿಂದ ನಿಮ್ಮ ಗೆರೆಯನ್ನು ಹೆರೆದು ಸ್ಕೇಲಿಟ್ಟು ನೆಟ್ಟಗೆ ಎಳೆದೆ. ನೀವು ನೋಡುತ್ತಾ ನಿಂತಿದ್ದಿರಿ.

ಆ ಭಾನುವಾರ ನಿಮ್ಮ ಬೀದಿಗೆ ಬಂದಿದ್ದೆ. ಇದು ನಿಮಗೆ ಗೊತ್ತಿಲ್ಲ. ಪೂಜೆ ಮುಗಿದು ಜನ ಹೋದ ಮೇಲೆ, ಗಾರೆಯವರ ತೂಗುಗುಂಡಿನ ದಾರವನ್ನು ಕೈ ಎಟಕುವಷ್ಟು ಎತ್ತರದಲ್ಲಿ ಆ ಗೋಡೆಗೆ ಒತ್ತಿ ಹಿಡಿದೆ. ಕೆಳಗೆ ಗುಂಡು ಗೋಡೆಯಿಂದ ಮೂರು ಬೆರಳು ದೂರ ನಿಂತಿತು. ನೀವು ಬರೆದದ್ದೂ ಅಷ್ಟೇ ವಾಲು — ಒಂದು ಕೂದಲೆಳೆಯೂ ಹೆಚ್ಚಿಲ್ಲ. ಕಾವಲಿನ ಮುದುಕ ತಮಿಳಿನಲ್ಲಿ, "ಎನ್ನ ಸಾರ್ ಪಾಕ್ಕರೀಂಗ?" ಎಂದ — ಏನು ನೋಡುತ್ತಿದ್ದೀರಿ ಅಂತ. ಏನೂ ಇಲ್ಲ ಎಂದು ದಾರ ಸುತ್ತಿಕೊಂಡೆ.

ಮಂಗಳವಾರ ನೀವು ಅರ್ಜಿ ತಂದಿರಿ: ನಕ್ಷೆಯನ್ನು ತಾವೇ ಬರೆಯುವ ಡ್ರಾಫ್ಟ್ಸ್‌ಮನ್ ಹುದ್ದೆಯ ಪರೀಕ್ಷೆಗೆ ಕೊಟ್ಟಿದ್ದ ಹೆಸರು ವಾಪಸ್. ಕನ್ನಡಕದ ಅಂಗಡಿಯಲ್ಲಿ ತೋರಿಸಿದ್ದಿರಂತೆ, ದೋಷವಿಲ್ಲ ಅಂದರಂತೆ. "ಆದ್ರೂ ನೀವು ಹೇಳಿದ್ಮೇಲೆ ನನ್ ಕಣ್ಣು ನಂಗೇ ನಂಬ್ಕೆ ಬರ್ತಿಲ್ಲ ಸರ್. ಈ ಚಿತ್ರಾನೂ ನೀವೇ ಇಟ್ಕೊಳ್ಳಿ."

ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ... ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದೆ. ರಿಟೈರ್ ಆಗುವವರೆಗೂ ನೀವು ಟ್ರೇಸರ್ ಆಗಿಯೇ ಉಳಿದಿರಿ, ನನ್ನ ಗೆರೆಗಳ ಮೇಲೆ ಗೆರೆ ಎಳೆಯುತ್ತಾ.

ಇವತ್ತು ಬೆಳಿಗ್ಗೆ ಚಿತ್ರವನ್ನು ಚೌಕಟ್ಟಿನಿಂದ ತೆಗೆದು ಕಿಟಕಿಗೆ ಹಿಡಿದೆ. ಬ್ಲೇಡು ಹೆರೆದ ಕಡೆ ಹಾಳೆ ತೆಳುವಾಗಿದೆ. ಅಲ್ಲಿ ಬೆಳಕು ಹೆಚ್ಚು ತೂರುತ್ತದೆ. ನಿಮ್ಮ ಗೆರೆ ಹೋಗಿಲ್ಲ, ವಾಲಿಕೊಂಡೇ ಇದೆ.

ಮುಂದಿನ ತಿಂಗಳು ನಮ್ಮ ನಿವೃತ್ತರ ಸಭೆ. ಅಂದು ನಕ್ಕವರಲ್ಲಿ ಉಳಿದವರು ಬರುತ್ತಾರೆ. ಅವರೆದುರು ಹಾಳೆಯನ್ನು ಬೆಳಕಿಗೆ ಹಿಡಿದು ಈ ಪತ್ರವನ್ನೇ ಓದುತ್ತೇನೆ. ಆಮೇಲೆ ನೀವು ಈಗಿರುವ ಕೃಷ್ಣರಾಜಪುರದ ಮನೆಗೆ ಚಿತ್ರ ತಂದು ಕೊಡುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಹೊಸಿಲ ಮೇಲಿಟ್ಟು ಬರುತ್ತೇನೆ. ಕ್ಷಮೆ ಕೇಳುವುದಿಲ್ಲ — ಯಾವ ಮುಖದಿಂದ ಕೇಳಲಿ? ಎಡಗೋಡೆಯ ಮೇಲಿನ ನನ್ನ ಗೆರೆಯನ್ನು ನಾನೇ ಹೆರೆದು ತೆಗೆದಿರುತ್ತೇನೆ. ಆ ಅರ್ಜಿಯ ಮೇಲಿನ ಸಹಿಯನ್ನು ಮಾತ್ರ ಹೆರೆಯಲಾರೆ.