ನಾಲ್ಕನೆಯ ಪ್ರತಿ

ಟೈರ್ ರಿಪೇರಿ ಅಂಗಡಿಯ ಹಿಂದಿನ ಎರಡಂತಸ್ತಿನ ಕಟ್ಟಡದಲ್ಲಿ ಆ ಕಂಪನಿ ಇತ್ತು. ಲಸಿಕೆ, ಇನ್ಸುಲಿನ್‌ನಂಥ ಔಷಧಿಗಳನ್ನು ತಣ್ಣಗಿಡುವ ಪೆಟ್ಟಿಗೆಗಳಿಗೆ ಅಲ್ಲಿ ಥರ್ಮಾಮೀಟರ್ ತಯಾರಿಸುತ್ತಿದ್ದರು. ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜಿಗೆ ಇಪ್ಪತ್ಮೂರು ವರ್ಷಗಳಿಂದ ಅಂಟಿಕೊಂಡು ಕೂತಿದ್ದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ವಯಸ್ಸು ಐವತ್ತೆರಡು. ಬಲಭುಜ ಹಿಡಿದುಕೊಂಡು ಎರಡು ವರ್ಷವಾಗಿತ್ತು. ಕಪಾಟಿನ ಮೇಲಿನ ಸಾಲಿಗೆ ಕೈ ಏಳುತ್ತಿರಲಿಲ್ಲ. ಮೌಸ್ ಕೂಡ ಎಡಗಡೆಗೆ ಬಂದಿತ್ತು.

ಅವಳ ಕೆಲಸ ಡ್ರೈವರ್ ಬರೆಯುವುದು. ಇದನ್ನು ಮನೆಯವರಿಗೆ ವಿವರಿಸಲು ಹೋಗಿ ಅವಳು ಯಾವತ್ತೋ ಸೋತಿದ್ದಳು. ಮದುವೆಯಾದ ಹೊಸದರಲ್ಲಿ ಅತ್ತೆ ಕೇಳಿದಾಗ, "ಬಸ್ ಅಂತ ಒಂದಿರುತ್ತೆ ಅತ್ತೆ, ಅದಕ್ಕೆ ಡ್ರೈವರ್ ಬೇಕಾಗುತ್ತೆ, ಅದನ್ನ ನಾನು ನೋಡ್ಕೋತೀನಿ" ಎಂದುಬಿಟ್ಟಿದ್ದಳು. ಅತ್ತೆ ಮರುದಿನವೇ ಬೀದಿಯಲ್ಲೆಲ್ಲ ಸುದ್ದಿ ಹಬ್ಬಿಸಿದರು. "ಬಸ್ ಡ್ರೈವರುಗಳೆಲ್ಲ ನಮ್ಮ ಸೊಸೆ ಕೈಕೆಳಗೇ ಇರೋದು. ಬಸ್ಸು ತಡವಾದ್ರೆ ಅವಳಿಗೇ ಹೇಳಿ." ಇಬ್ಬರು ನಿಜವಾಗಿಯೂ ಬಂದು ದೂರು ಕೊಟ್ಟು ಹೋಗಿದ್ದರು.

ಅಸಲು ಸಂಗತಿ ಬೇರೆ. ಥರ್ಮಾಮೀಟರಿನೊಳಗೆ ಅಕ್ಕಿಕಾಳಿನಷ್ಟು ಗಾತ್ರದ ಸೆನ್ಸರ್ ಚಿಪ್ ಇರುತ್ತದೆ. ಅದು ಅಳೆದದ್ದು ಬೋರ್ಡಿನ ಪ್ರೊಸೆಸರಿಗೆ ಹೋಗಿ ಸೇರುವ ತಂತಿಗಳ ದಾರಿಗೆ ಬಸ್ ಎನ್ನುತ್ತಾರೆ. ಕೆಲವು ಬೋರ್ಡುಗಳಲ್ಲಿ ಎರಡೇ ತಂತಿ. ಹಲವು ಚಿಪ್‌ಗಳು ಅವಕ್ಕೇ ಜೋತುಬಿದ್ದಿರುತ್ತವೆ; ಮನೆ ನಂಬರ್ ಹಿಡಿದು ಕೂಗಿದರೆ ಆ ನಂಬರಿನದು ಮಾತ್ರ ಓಗೊಡುತ್ತದೆ. ಇನ್ನು ಕೆಲವದರಲ್ಲಿ ನಾಲ್ಕು ತಂತಿ. ಅಲ್ಲಿ ನಂಬರು ಗಿಂಬರು ಇಲ್ಲ; ಒಂದೊಂದು ಚಿಪ್‌ಗೂ ಎಚ್ಚರಿಸುವ ತಂತಿಯೇ ಬೇರೆ. ಚಿಪ್ ಅದೇ, ಅದು ಹೇಳುವ ವಿಷಯವೂ ಅದೇ, ಮಾತಾಡಿಸುವ ರೀತಿ ಮಾತ್ರ ಬೇರೆ. ಚಿಪ್ಪಿನ ನೆನಪಿನ ಯಾವ ಖಾನೆಯಲ್ಲಿ ಏನಿದೆ, ಅಲ್ಲಿ ಸಿಕ್ಕ ಅಂಕಿಯನ್ನು ಡಿಗ್ರಿಗೆ ಹೇಗೆ ತಿರುಗಿಸಬೇಕು ಎಂದೆಲ್ಲ ಬಲ್ಲ ಪ್ರೋಗ್ರಾಮೇ ಡ್ರೈವರ್.

ಹನ್ನೊಂದು ವರ್ಷದ ಹಿಂದೆ ಎರಡು ತಂತಿಯ ಬೋರ್ಡಿಗಾಗಿ ಅವಳು ಈ ಚಿಪ್ಪಿನ ಮೊದಲ ಡ್ರೈವರ್ ಬರೆದಳು. ಒಂದೂವರೆ ವರ್ಷ ಕಳೆದ ಮೇಲೆ ಖರೀದಿ ವಿಭಾಗದವನು ಮೇಜಿನ ಮುಂದೆ ಬಂದು ನಿಂತ. ಏನು ಕೇಳಿದರೂ ಒಂದೇ ಉತ್ತರ ಕೊಡುತ್ತಿದ್ದುದರಿಂದ ಅವನಿಗೆ ಸ್ಟಾಕಿಲ್ಲಪ್ಪ ಎಂಬ ಹೆಸರು ಬಿದ್ದಿತ್ತು.

"ದೊಡ್ಡಕ್ಕ, ಆ ಬೋರ್ಡು ಸ್ಟಾಕಿಲ್ಲ. ಇದು ಸಿಕ್ಕಿದೆ, ನಾಲ್ಕು ತಂತಿದು. ಆಗುತ್ತಲ್ವಾ?"

"ಆಗಲ್ಲ ಅಂದ್ರೆ ವಾಪಸ್ ತಗೊಂಡು ಹೋಗ್ತೀಯಾ?"

"ಇಲ್ಲ."

"ಮತ್ತೆ ಯಾಕೆ ಕೇಳ್ತೀಯ?"

ಆಗಿದ್ದ ಮ್ಯಾನೇಜರು ಎರಡು ದಿನ ಕೊಟ್ಟರು. ಹಳೆಯದನ್ನು ಕಾಪಿ ಮಾಡಿ, ತಂತಿಗೆ ಸಂಬಂಧಪಟ್ಟ ಸಾಲುಗಳನ್ನು ಬದಲಾಯಿಸಿ ಕೊಟ್ಟಳು. ಮುಂದೆ ಪ್ರೊಸೆಸರ್ ಸ್ಟಾಕಿಲ್ಲ ಎಂದಾಗ ಇನ್ನೊಂದು ಕಾಪಿ, ಬೋರ್ಡಿನ ಅಳತೆ ಕಿರಿದಾದಾಗ ಮತ್ತೊಂದು. ಹೀಗೆ ಒಂದೇ ಚಿಪ್‌ಗೆ ನಾಲ್ಕು ಡ್ರೈವರುಗಳಾದವು. ಇದು ಸರಿಯಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಸರಿಮಾಡಲು ಪುರುಸೊತ್ತು ಕೇಳಬೇಕು, ಕೇಳಲು ವಾದ ಮಾಡಬೇಕು. ವಾದ ಮಾಡುವ ಶಕ್ತಿ ದಿನ ಮುಗಿಯುವಷ್ಟರಲ್ಲಿ ಉಳಿದಿರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವಳೇ ಒಂದು ತಪ್ಪು ಕಂಡುಹಿಡಿದಿದ್ದಳು. ಚಳಿ ಸೊನ್ನೆಗಿಂತ ಕೆಳಗಿಳಿದರೆ ಚಿಪ್ ಅಂಕಿಯ ಜೊತೆ ಒಂದು ಗುರುತು ಕಳಿಸುತ್ತದೆ. ಡ್ರೈವರ್ ಆ ಗುರುತನ್ನು ನೋಡುತ್ತಲೇ ಇರಲಿಲ್ಲ. ಮೈನಸ್ ಎರಡು ಇದ್ದರೂ ಎರಡು ಎಂದೇ ತೋರಿಸುತ್ತಿತ್ತು. ತಿದ್ದುವುದು ಒಂದೇ ಸಾಲು. ಮೂರು ಪ್ರತಿಗಳಲ್ಲಿ ತಿದ್ದಿ, ನಾಲ್ಕನೆಯದನ್ನು ತೆರೆಯುವಷ್ಟರಲ್ಲಿ ಗಂಡನ ಫೋನ್ ಬಂತು. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಸ್ಪತ್ರೆ, ಆಪರೇಷನ್ ಎಂದು ಹನ್ನೆರಡು ದಿನ ಕಳೆಯಿತು. ವಾಪಸ್ ಬಂದಾಗ ಮೇಜಿನ ಮೇಲೆ ಬೇರೆ ಕೆಲಸ ಗುಡ್ಡೆ ಬಿದ್ದಿತ್ತು. ಆ ತಪ್ಪನ್ನು ಎಲ್ಲ ಕಡೆ ತಿದ್ದಿದ್ದೇನೆ ಎಂದೇ ಅವಳ ಮನಸ್ಸು ನಂಬಿಕೊಂಡಿತ್ತು.

ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಬಂತು. ಎರಡು ಗಂಟೆ ದಾರಿಯ ದೂರದ ಆರೋಗ್ಯ ಕೇಂದ್ರದ ನರ್ಸ್ ಮಾತಾಡುತ್ತಿದ್ದಳು.

"ಮೇಡಂ, ನಿಮ್ಮ ಥರ್ಮಾಮೀಟರ್ ಎರಡು ಡಿಗ್ರಿ ತೋರಿಸ್ತಿದೆ. ಒಳಗೆ ಲಸಿಕೆ ಬಾಟ್ಲಿಗಳು ಗಡ್ಡೆ ಕಟ್ಟಿವೆ. ಎರಡು ಡಿಗ್ರೀಲಿ ಗಡ್ಡೆ ಕಟ್ಟುತ್ತಾ?"

ದೊಡ್ಡಕ್ಕ ಪೆನ್ನು ಕಾಗದ ಎಳೆದುಕೊಂಡಳು. "ಹಿಂಭಾಗದ ಚೀಟೀಲಿ ಒಂದು ನಂಬರ್ ಇದೆ. ಓದಿ ಸಿಸ್ಟರ್."

ನರ್ಸ್ ಓದಿದಳು. ನಾಲ್ಕನೆಯ ಪ್ರತಿ ಇದ್ದ ಬೋರ್ಡು. ಅದು ಮೈನಸ್ ಎರಡಿರಬೇಕು, ನಮ್ಮ ಮೀಟರ್ ಮೈನಸ್ ತೋರಿಸುತ್ತಿಲ್ಲ ಎಂದು ದೊಡ್ಡಕ್ಕ ಹೇಳಿದಳು.

"ಇವತ್ತು ಬಂದಿದ್ದ ತಾಯಂದಿರನ್ನೆಲ್ಲ ವಾಪಸ್ ಕಳಿಸಿದೀನಿ. ಅದು ಹೋಗ್ಲಿ. ಹೋದ ವಾರ ಹತ್ತೊಂಬತ್ತು ಮಕ್ಕಳಿಗೆ ಹಾಕಿದೀನಲ್ಲ? ಆವಾಗಲೂ ಎರಡು ಅಂತಲೇ ಇತ್ತು. ಆ ಎರಡು ಯಾವ ಎರಡು ಮೇಡಂ?"

ಈ ಲಸಿಕೆ ಗಡ್ಡೆ ಕಟ್ಟಿ ಮತ್ತೆ ಕರಗಿದರೆ ನೀರಿಗೆ ಸಮ. ಚುಚ್ಚಿಸಿಕೊಂಡ ಮಗುವಿಗೆ ಅಪಾಯವಿಲ್ಲ, ರಕ್ಷಣೆಯೂ ಇಲ್ಲ.

"ಗೊತ್ತಾಗಲ್ಲ ಸಿಸ್ಟರ್," ಎಂದಳು ದೊಡ್ಡಕ್ಕ. "ಮೈನಸ್ಸೋ ಅಲ್ವೋ ಅನ್ನೋದನ್ನ ನಾವು ಉಳಿಸಿಲ್ಲ. ಎಲ್ಲರಿಗೂ ಮತ್ತೆ ಹಾಕಬೇಕಾಗುತ್ತೆ."

ಆ ಕಡೆ ರಿಜಿಸ್ಟರಿನ ಪುಟ ತಿರುವುವ ಸದ್ದು ಕೇಳಿತು. ಆಮೇಲೆ ನರ್ಸ್, "ಸರಿ, ನಾನೇ ಹೋಗಿ ಕರೀತೀನಿ. ಇನ್ಯಾರು ಕರೀತಾರೆ" ಎಂದು ಫೋನಿಟ್ಟಳು.

ಆ ಬೋರ್ಡಿನ ಥರ್ಮಾಮೀಟರುಗಳು ನಲವತ್ತೊಂದು ಕಡೆ ಹೋಗಿದ್ದವು. ದೊಡ್ಡಕ್ಕ ಊಟಕ್ಕೆ ಏಳದೆ ಒಂದೊಂದು ಕಡೆಗೂ ಫೋನ್ ಮಾಡಿ, ಅದನ್ನು ನಂಬಬೇಡಿ, ಪಕ್ಕದಲ್ಲಿ ಬೇರೆ ಥರ್ಮಾಮೀಟರ್ ಇಡಿ ಎಂದು ಹೇಳಿದಳು. ನಲವತ್ತೊಂದು ಸಲ ಒಂದೇ ತಪ್ಪೊಪ್ಪಿಗೆ. ಬೇರೆಲ್ಲೂ ಗಡ್ಡೆ ಕಟ್ಟಿರಲಿಲ್ಲ. ಕೊನೆಯ ಫೋನ್ ಮುಗಿದ ಮೇಲೆ ನಾಲ್ಕನೆಯ ಪ್ರತಿಯ ಆ ಒಂದು ಸಾಲು ತಿದ್ದಿದಳು.

ಆಮೇಲೆ ಮ್ಯಾನೇಜರನ ಕೋಣೆಗೆ ಹೋದಳು. ಈಗಿನವನು ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಕೆಟ್ಟವನಲ್ಲ, ಅವಸರದವನು.

"ತಪ್ಪು ನಂದು ಸರ್. ಮೂರು ಕಡೆ ತಿದ್ದಿ ನಾಲ್ಕನೇದು ಬಿಟ್ಟೆ."

"ಯಾರದ್ದು ಅಂತ ನಾನು ಕೇಳ್ತಿಲ್ಲ ದೊಡ್ಡಕ್ಕ. ಅದನ್ನೂ ತಿದ್ದಿ ಕಳಿಸಿ, ಮುಗೀತು."

"ತಿದ್ದಿ ಆಯ್ತು. ಮುಗಿಯಲ್ಲ. ನಾಳೆ ಇನ್ನೊಂದು ಬೋರ್ಡು ಬರುತ್ತೆ, ಐದನೇ ಕಾಪಿ ಮಾಡ್ತೀನಿ. ಐದರಲ್ಲಿ ಯಾವುದನ್ನ ಮರೀತೀನೋ ಯಾರಿಗೆ ಗೊತ್ತು? ಚಿಪ್ ವಿಷಯ ಎಲ್ಲಾ ಒಂದೇ ಕಡೆ ಇರಬೇಕು. ನಾನು ಮರೆತರೂ ನಡೆಯೋ ಹಾಗಿರಬೇಕು."

"ಎಷ್ಟು ದಿನ?"

"ಆರು ವಾರ."

"ಮೂರು."

"ಮೂರಕ್ಕೆ ಆಗಲ್ಲ ಸರ್. ಬೇಕಿದ್ರೆ ಮೂರು ಅಂತ ಬರ್ಕೊಳ್ಳಿ, ನಾನು ಆರು ತಗೋತೀನಿ."

ಅವನು ಹಣೆ ಉಜ್ಜಿಕೊಂಡು ಕೈಯಾಡಿಸಿದ. ಅದನ್ನೇ ಒಪ್ಪಿಗೆ ಎಂದುಕೊಂಡು ಅವಳು ಹೊರಬಂದಳು.

ಮೊದಲ ಹತ್ತು ದಿನ ಹಾಳಾದವು. ನಾಲ್ಕು ಪ್ರತಿಗಳನ್ನು ಸೇರಿಸಿ ಒಂದು ಮಾಡಲು ಹೊರಟು, ಎರಡು ತಂತಿಯಾದರೆ ಹೀಗೆ, ನಾಲ್ಕಾದರೆ ಹಾಗೆ ಎಂದು ಉದ್ದಕ್ಕೂ ಕವಲು ಹಾಕುತ್ತ ಹೋದಳು. ಕೆಲಸವೇನೋ ಮಾಡಿತು. ಹನ್ನೊಂದನೆಯ ದಿನ ಕವಲುಗಳನ್ನು ಎಣಿಸಿದಳು: ಐವತ್ತಮೂರು. ಹೊಸ ಬೋರ್ಡು ಬಂದರೆ ಐವತ್ತಮೂರು ಕಡೆ ಕೈಹಾಕಬೇಕು. ನಾಲ್ಕು ಮೂಟೆ ಬಿಚ್ಚಿ ಒಂದು ದೊಡ್ಡ ಮೂಟೆ ಕಟ್ಟಿದ್ದಷ್ಟೇ ಬಂತು. ಸಿಟ್ಟೂ ಬರಲಿಲ್ಲ. ಎದ್ದುಹೋಗಿ ನೀರು ಕುಡಿದು ಬಂದು ಎಲ್ಲವನ್ನೂ ಅಳಿಸಿದಳು.

ಗಂಡನದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪಾಳಿಯ ಕೆಲಸ. ಆ ವಾರ ಅವಳು ಒಳಗೆ ಬರುವ ಹೊತ್ತಿಗೆ ಅವನು ಹೊರಡುತ್ತಿದ್ದ. ವಾಕರ್ ಹಿಡಿದು ನಡೆಯುವ ಅತ್ತೆಯನ್ನು ಇಬ್ಬರೂ ಪಾಳಿ ಬದಲಿಸಿದ ಹಾಗೆ ಒಬ್ಬರಿಂದ ಒಬ್ಬರು ವಹಿಸಿಕೊಳ್ಳುತ್ತಿದ್ದರು.

"ಅಮ್ಮ ಮಾತ್ರೆ ತಗೊಂಡಿದಾಳೆ. ನಿನ್ನ ಮುಖ ಯಾಕೆ ಹೀಗಿದೆ?"

"ಹತ್ತು ದಿನ ಬರೆದದ್ದು ಅಳಿಸಿದೆ."

"ಅಳಿಸಿದ್ದಕ್ಕೆ ಇಷ್ಟು ಸುಸ್ತಾ?"

"ಬರೆಯೋದಕ್ಕಿಂತ ಜಾಸ್ತಿ ರೀ."

ಅವನು ಅವಳ ಕೈಚೀಲ ತೆಗೆದು ಕುರ್ಚಿಯ ಮೇಲಿಟ್ಟು ಹೋದ. ಒಳಗಿನಿಂದ ಅತ್ತೆ, "ಬಸ್ಸು ಸಿಕ್ತೇನಮ್ಮ?" ಎಂದು ಕೂಗಿದರು.

ಎರಡನೆಯ ಸಲ ಅವಳು ಬೇರೆ ರೀತಿ ಶುರುಮಾಡಿದಳು. ಚಿಪ್ಪಿನ ವಿಷಯ ಬಲ್ಲ ಭಾಗಕ್ಕೆ ತಂತಿ ಎಷ್ಟು ಎಂಬುದೇ ತಿಳಿಯಬಾರದು. ಅದು ಮೂರೇ ಕೇಳಬೇಕು: ಈ ಖಾನೆಯಿಂದ ಇಷ್ಟು ಓದಿಕೊಡು, ಈ ಖಾನೆಗೆ ಇಷ್ಟು ಬರೆ, ಸ್ವಲ್ಪ ಕಾಯಿ. ಹೇಗೆ ಎಂಬುದು ಕೆಳಗಿನವರ ತಲೆನೋವು. ಕೆಳಗೆ ಎರಡು ತಂತಿಗೊಂದು, ನಾಲ್ಕು ತಂತಿಗೊಂದು ಚಿಕ್ಕ ತುಂಡು. ಯಾವುದೂ ಒಂದು ಪುಟ ದಾಟಬಾರದು.

ಹೇಳಲು ಸುಲಭ. ನಾಲ್ಕು ತಂತಿಯಲ್ಲಿ ಓದುವಾಗ ಖಾನೆಯ ನಂಬರಿಗೆ ಒಂದು ವಿಶೇಷ ಗುರುತು ಸೇರಿಸಬೇಕು, ಎರಡು ತಂತಿಯಲ್ಲಿ ಸೇರಿಸಬಾರದು. ಹಳೆಯ ಪ್ರತಿಗಳಲ್ಲಿ ಇಂಥವೆಲ್ಲ ಚಿಪ್ಪಿನ ಲೆಕ್ಕಾಚಾರದ ನಡುವೆ ಹೂತುಹೋಗಿದ್ದವು. ಒಂದೊಂದನ್ನೂ ಹುಡುಕಿ, ಇದು ಚಿಪ್ಪಿನ ಸ್ವಭಾವವೋ ತಂತಿಯ ಸ್ವಭಾವವೋ ಎಂದು ಕೇಳಿಕೊಂಡು, ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಇಟ್ಟಳು. ಕೆಲವಕ್ಕೆ ಇಡೀ ದಿನ ಹಿಡಿಯಿತು. ತಾನು ಹನ್ನೊಂದು ವರ್ಷದ ಹಿಂದೆ ಬರೆದ ಸಾಲು ಯಾಕಿದೆ ಎಂದು ತನಗೇ ತಿಳಿಯದೆ ದಿಟ್ಟಿಸಿಕೊಂಡು ಕೂತ ಮಧ್ಯಾಹ್ನಗಳೂ ಇದ್ದವು.

ಐದನೆಯ ವಾರ ಮೂರನೆಯ ಒಂದು ತುಂಡು ಬರೆದಳು. ಅದರಲ್ಲಿ ತಂತಿಯೇ ಇಲ್ಲ, ಚಿಪ್ಪೂ ಇಲ್ಲ. ಕಂಪ್ಯೂಟರಿನಲ್ಲಿ ಒಂದು ಅಂಕಿಗಳ ಪಟ್ಟಿ ಅಷ್ಟೇ. ಕೇಳಿದ ಖಾನೆಯ ಅಂಕಿಯನ್ನು ಓದಿಕೊಡುತ್ತದೆ. ಅದನ್ನು ಸುಳ್ಳು ಬಸ್ ಎಂದು ಕರೆದಳು. ಮೊದಲೆಲ್ಲ ಮೈನಸ್ ಪರೀಕ್ಷಿಸಬೇಕಾದರೆ ಮಂಜುಗಡ್ಡೆಗೆ ಉಪ್ಪು ಬೆರೆಸಿ ಬೋರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮುಳುಗಿಸಬೇಕಿತ್ತು. ಅದು ರೇಜಿಗೆಯ ಕೆಲಸವಾದ್ದರಿಂದಲೇ ಯಾರೂ ಮಾಡುತ್ತಿರಲಿಲ್ಲ. ಈಗ ಪಟ್ಟಿಯಲ್ಲಿ ಮೈನಸ್ ಎರಡು ಬರೆದಿಟ್ಟಳು. ಡ್ರೈವರ್ ಮೈನಸ್ ಎರಡು ಎಂದಿತು. ಸೊನ್ನೆ, ಮೈನಸ್ ಅರ್ಧ, ಮೈನಸ್ ನಲವತ್ತು ಕೊಟ್ಟಳು. ಇಂಥ ಅರವತ್ತು ಪ್ರಶ್ನೆಗಳನ್ನು ಸೇರಿಸಿ, ಡ್ರೈವರಿನಲ್ಲಿ ಯಾರು ಏನು ಬದಲಾಯಿಸಿದರೂ ಅವೆಲ್ಲ ತಾವಾಗಿಯೇ ಓಡುವಂತೆ ಮಾಡಿದಳು. ಖುಷಿಯಾಯಿತೇ ಎಂದರೆ, ಭುಜ ನೋಯುತ್ತಿತ್ತು.

ಏಳು ವಾರವಾಯಿತು. ಪ್ರೋಗ್ರಾಮ್ ಬದಲಿಸಲು ಕೇಬಲ್ ಹಿಡಿದು ಪ್ರತಿ ಕಡೆಗೂ ಹೋಗಬೇಕಿದ್ದರಿಂದ, ಅಲ್ಲಿಯವರೆಗೆ ಎಲ್ಲ ಕಡೆ ಪಕ್ಕದ ಥರ್ಮಾಮೀಟರೇ ಗತಿಯಾಗಿತ್ತು. ಹೊಸ ಪ್ರೋಗ್ರಾಮನ್ನು ಹಾಕಲು ಆ ಆರೋಗ್ಯ ಕೇಂದ್ರಕ್ಕೆ ಅವಳೇ ಹೋದಳು. ನೀಲಿ ಬಣ್ಣ ಸಿಪ್ಪೆಯೇಳುತ್ತಿದ್ದ ಕೋಣೆ, ಗೋಡೆಗೆ ಒತ್ತಿಕೊಂಡ ಎರಡು ಬೆಂಚು. ನರ್ಸ್‌ಗೆ ನಲವತ್ತರ ಆಸುಪಾಸು, ಪಾದಗಳು ಊದಿದ್ದವು. ಪೆಟ್ಟಿಗೆಯೊಳಗೆ ಮುಳ್ಳಿನ ಹಳೇ ಥರ್ಮಾಮೀಟರ್ ಒಂದನ್ನು ಇಟ್ಟುಕೊಂಡಿದ್ದಳು.

ಕೇಬಲ್ ಚುಚ್ಚಿ ಪ್ರೋಗ್ರಾಮ್ ಹಾಕಲು ನಾಲ್ಕು ನಿಮಿಷ. "ಆಯ್ತು ಸಿಸ್ಟರ್."

"ಆಯ್ತು ಅಂದ್ರೆ ಆಗಲ್ಲ. ತೋರಿಸಿ."

ದೊಡ್ಡಕ್ಕ ಫ್ರೀಜರಿನ ಐಸ್ ಪ್ಯಾಕ್ ಎರಡನ್ನು ಸೆನ್ಸರಿಗೆ ಒತ್ತಿಹಿಡಿದಳು. ಅಂಕಿ ಇಳಿಯುತ್ತ ಬಂತು. ಎರಡು, ಒಂದು, ಸೊನ್ನೆ. ಆಮೇಲೆ ಒಂದರ ಎಡಕ್ಕೆ ಮೈನಸ್ಸಿನ ಸಣ್ಣ ಗೆರೆ ಮೂಡಿತು. ನರ್ಸ್ ಕೈಕಟ್ಟಿಕೊಂಡು ನೋಡುತ್ತಿದ್ದಳು.

"ಈ ಗೆರೆ ಇಷ್ಟು ದಿನ ಎಲ್ಲಿತ್ತು?"

"ಚಿಪ್ ಕಳಿಸ್ತಾನೇ ಇತ್ತು. ನಾನು ನಿಮಗೆ ತಲುಪಿಸಿರಲಿಲ್ಲ."

ನರ್ಸ್ ತಲೆಯಾಡಿಸಿದಳು. ಕ್ಷಮಿಸಿದೆ ಎಂದೇನೂ ಅಲ್ಲ. "ಈ ಮುಳ್ಳಿಂದು ಇಲ್ಲೇ ಇರುತ್ತೆ ಮೇಡಂ. ಇನ್ಮೇಲೆ ನಾನು ಎರಡನ್ನೂ ನೋಡೋಳು."

"ಇರ್ಲಿ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ. ಮಕ್ಕಳು?"

ನರ್ಸ್ ರಿಜಿಸ್ಟರ್ ತಿರುಗಿಸಿ ತೋರಿಸಿದಳು. ಹತ್ತೊಂಬತ್ತು ಸಾಲು, ಹದಿನಾರರ ಮುಂದೆ ಗುರುತು. "ಮನೆ ಮನೆಗೆ ಹೋಗಿ ಕರ್ಕೊಂಡು ಬಂದೆ. ಕೆಲವರು ಬೈದ್ರು. ಈ ಮೂರು ಸಿಕ್ಕಿಲ್ಲ, ಹುಡುಕ್ತಿದೀನಿ." ಅವಳ ದನಿಯಲ್ಲಿ ದೂರು ಇರಲಿಲ್ಲ, ಬರೀ ದಣಿವಿತ್ತು.

ಎರಡು ತಿಂಗಳ ನಂತರ ಸ್ಟಾಕಿಲ್ಲಪ್ಪ ಮತ್ತೊಂದು ಬೋರ್ಡು ತಂದ. ಸೆನ್ಸರ್ ಪೆಟ್ಟಿಗೆಯೊಳಗೆ, ಪ್ರೊಸೆಸರ್ ಗೋಡೆಯ ಮೇಲೆ, ನಡುವೆ ಮೂರು ಮೀಟರ್ ಕೇಬಲ್. ಬಸ್ಸೂ ಮೂರನೆಯದೇ ಒಂದು ಬಗೆ. ದೊಡ್ಡಕ್ಕ ಕೆಳಗಿನ ತುಂಡನ್ನು ಮಾತ್ರ ಬರೆದಳು. ಮೇಲಿನದನ್ನು ಮುಟ್ಟಲಿಲ್ಲ. ಒಂದೂವರೆ ದಿನಕ್ಕೆ ಮುಗಿಯಿತು.

ಮ್ಯಾನೇಜರ್ ನಿಜವಾಗಿಯೂ ಸಂತೋಷಪಟ್ಟ. "ಭೇಷ್ ದೊಡ್ಡಕ್ಕ! ಇಷ್ಟು ಬೇಗ ಆಗೋದಾದ್ರೆ ಮುಂಚೇನೇ ಹೀಗೆ ಮಾಡಬಹುದಿತ್ತಲ್ಲ?"

ಅವಳ ಬಾಯಿಗೆ ಬಹಳ ಮಾತುಗಳು ಬಂದವು. "ಮಾಡಬಹುದಿತ್ತು ಸರ್" ಎಂದಷ್ಟೇ ಹೇಳಿದಳು.

ಅದೇ ಮಧ್ಯಾಹ್ನ ನರ್ಸ್ ಫೋನ್ ಮಾಡಿದಳು. ಮೂರರಲ್ಲಿ ಎರಡು ಮಕ್ಕಳು ಸಿಕ್ಕಿದ್ದವು, ಲಸಿಕೆಯೂ ಆಗಿತ್ತು.

"ಇನ್ನೊಂದು?"

"ಮನೆ ಖಾಲಿ ಮಾಡ್ಕೊಂಡು ಹೋಗಿದಾರೆ. ಎಲ್ಲಿಗೆ ಅಂತ ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಹೋದ ಕಡೆ ಯಾರಾದ್ರೂ ಹಾಕಿರ್ತಾರೆ ಬಿಡಿ."

"ಹಾಕಿರ್ತಾರಾ?"

"ಹಾಕಿರ್ತಾರೆ ಅಂದ್ಕೊಳ್ಳೋಣ ಮೇಡಂ. ಮತ್ತೇನು ಮಾಡೋದು?"

ಸಂಜೆ ಮನೆಗೆ ಹೋದಾಗ ಗಂಡ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. "ಹೊಸ ಬೋರ್ಡು ಆಯ್ತಾ?" ಎಂದು ಕೇಳಿದ. ಆಯ್ತು ಎಂದಳು. ಒಂದು ಮಗು ಸಿಕ್ಕಿಲ್ಲ ಎಂದೂ ಹೇಳಿದಳು. ಅವನು ಗಡಿಯಾರ ನೋಡಿಕೊಂಡ. ಪಾಳಿಗೆ ತಡವಾಗುತ್ತಿತ್ತು. ಆದರೂ ಚಪ್ಪಲಿ ಬಿಟ್ಟು ಒಳಗೆ ಬಂದು, ಹತ್ತು ನಿಮಿಷ ಅವಳ ಪಕ್ಕ ಕೂತಿದ್ದು ಹೋದ.