ಎದುರಿಗಿದ್ದ ಶಾಲೆ

ನಾನು ಚಿಕ್ಕವಳಿದ್ದಾಗ, ಇಂಗ್ಲಿಷರ ನಾಡಿನ ಸೌತಾಲ್‌ನ ನಮ್ಮ ಮನೆಯ ಕಿಟಕಿಯಿಂದಲೇ ಒಂದು ಶಾಲೆ ಕಾಣುತ್ತಿತ್ತು. ಅದರ ಗಂಟೆ ಅಮ್ಮನ ಒಗ್ಗರಣೆಯ ಚಟಪಟಕ್ಕಿಂತ ಜೋರು. ಆದರೆ ಅದು ನನ್ನ ಶಾಲೆಯಲ್ಲ. ಕಂದು ಬಣ್ಣದ ಮಕ್ಕಳು ಒಂದೇ ಕಡೆ ಹೆಚ್ಚಾದರೆ ಬಿಳಿಯ ತಂದೆತಾಯಿಗಳಿಗೆ ಕಸಿವಿಸಿಯಂತೆ. ಅದಕ್ಕೇ ಸರ್ಕಾರದವರು ನಮ್ಮನ್ನು ಬಸ್ಸಿಗೆ ತುಂಬಿ ದೂರದ ಶಾಲೆಗಳಿಗೆ ಹಂಚುತ್ತಿದ್ದರು. ಬಿಳಿಯ ಮಕ್ಕಳನ್ನು ಯಾರೂ ಎಲ್ಲಿಗೂ ಹಂಚಲಿಲ್ಲ.

ಬಸ್ಸಿನ ತುಂಬ ಡೀಸೆಲ್ ಮತ್ತು ಒದ್ದೆ ಕೋಟುಗಳ ವಾಸನೆ. ತುಪ್ಪ, ಸಕ್ಕರೆ ಸವರಿ ಸುತ್ತಿದ ಚಪಾತಿಯನ್ನು ಅಲ್ಲೇ ತಿಂದು ಮುಗಿಸುತ್ತಿದ್ದೆ. ಶಾಲೆಯಲ್ಲಿ ಡಬ್ಬಿ ತೆರೆದರೆ ಮೂಗು ಮುಚ್ಚಿಕೊಳ್ಳುವವರಿದ್ದರು. ಬಸ್ಸು ತಪ್ಪೀತೆಂಬ ಭಯ ಬೇರೆ. ಈಗಲೂ ಎಲ್ಲಿಗೆ ಹೊರಟರೂ ಬೇಗನೇ ಪ್ಲಾಟ್‌ಫಾರ್ಮಿಗೆ ಬಂದು ನಿಂತು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಕೊರಗುವ ಹೆಂಗಸು ನಾನು.

ಆ ವಸಂತದಲ್ಲಿ ನನ್ನನ್ನು ನೆಟ್‌ಬಾಲ್ ತಂಡಕ್ಕೆ ಆರಿಸಿದರು. ಉದ್ದನೆಯ ಕೈಗಳು, ಅದೊಂದೇ ನನ್ನ ಪ್ರತಿಭೆ. ಅಭ್ಯಾಸ ಶಾಲೆ ಬಿಟ್ಟ ಮೇಲೆ. ನಮ್ಮ ಬಸ್ಸು ಹೊರಡುವುದೂ ಆಗಲೇ.

“ನಾನೇ ಬಂದು ಕರ್ಕೊಂಡ್ ಬರ್ತೀನಿ. ನೀನು ಆಡು,” ಅಂದಳು ಅಮ್ಮ.

ಒಬ್ಬಳೇ ಎಂದೂ ಬಸ್ಸು ಹತ್ತದವಳು, ಸೀರೆಯ ಮೇಲೆ ಅಪ್ಪನ ಕೋಟು ಹಾಕಿಕೊಂಡು ಬಂದೇಬಿಟ್ಟಳು. ಟೀಚರ್ ಕಿವುಡರಿಗೆ ಹೇಳುವಂತೆ ನಿಧಾನವಾಗಿ, ಜೋರಾಗಿ ಹೇಳಿದರು: ಬಸ್ಸಿನ ಮಕ್ಕಳು ಉಳಿಯುವಂತಿಲ್ಲ, ನಿಯಮ. ನನ್ನ ಜಾಗಕ್ಕೆ ಬೇರೆ ಹುಡುಗಿ ಬಂದಾಗಿತ್ತು.

“ಐ ಕಮ್, ನೋ? ಐ ಟೇಕ್,” ಅಂದಳು ಅಮ್ಮ. ಟೀಚರ್ ನಕ್ಕು ಒಳಗೆ ಹೋದರು. ಅಮ್ಮ ಕದಲಲಿಲ್ಲ. ನನ್ನ ಕೈ ಹಿಡಿದು ಬೇಲಿಯಾಚೆ ನಿಂತು ಆಟ ಮುಗಿಯುವವರೆಗೂ ದುರುಗುಟ್ಟಿ ನೋಡಿದಳು.

“ಹೋಗ್ಲಿ ಬಿಡೇ, ಇನ್ನೊಬ್ಬರ ಊರಲ್ಲಿ ಗಲಾಟೆ ಯಾಕೆ?” ಅಂದರು ಮನೆಯಲ್ಲಿ ಅಪ್ಪ.

“ಯಾರ ಊರ್ರೀ? ನಾವು ಬಂದೋರು, ಸರಿ. ಇವಳು ಹುಟ್ಟಿದ್ದು ಎಲ್ಲಿ ಮತ್ತೆ?”

ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ತಂಡಕ್ಕೆ ನನ್ನನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ.

ಈಗ ನಾವಿರುವುದು ಅಲ್ಲಿಂದ ತುಸು ದೂರದ ಕೆಂಟನ್‌ನಲ್ಲಿ. ಅಮೆರಿಕದ ಕಪ್ಪು ಮಕ್ಕಳ ಹೋರಾಟದ ಕಾದಂಬರಿಯೊಂದನ್ನು ಓದಿದ ಮಗಳು ಮೊನ್ನೆ ಕಣ್ಣೊರೆಸಿಕೊಂಡು, ಸದ್ಯ ಇಲ್ಲಿ ಹೀಗೆಲ್ಲ ಇರಲಿಲ್ಲವಲ್ಲ ಎಂದಳು, ಇಂಗ್ಲಿಷಿನಲ್ಲಿ. ಮೈಯೆಲ್ಲ ಉರಿಯಿತು. ಎಲ್ಲ ಹೇಳಿದೆ. ಕೇಳಿಸಿಕೊಂಡವಳು, ಆ ಶಾಲೆಯ ಗೆಳತಿಯರು ಈಗೆಲ್ಲಿದ್ದಾರೆ ಎಂದು ಕೇಳಿದಳು.

ಯಾವ ಗೆಳತಿಯರು? ಗೆಳೆತನ ಬೆಳೆಯುವುದು ಶಾಲೆ ಬಿಟ್ಟ ಮೇಲೆ. ಆ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತಿದ್ದೆ. ನಮ್ಮ ಬೀದಿಯವರಿಗೆ ಬೇರೆ ಶಾಲೆಯವಳು, ಶಾಲೆಯವರಿಗೆ ಬಸ್ಸಿನವಳು. ಹುಟ್ಟಿ ಬೆಳೆದ ಊರಿನಲ್ಲಿ, ಚಿಕ್ಕಂದಿನಲ್ಲಿ ನಾನು ಹೇಗಿದ್ದೆ ಎಂದು ಹೇಳಬಲ್ಲ ಒಬ್ಬಳನ್ನೂ ನಮ್ಮನ್ನು ಹಂಚಿದವರು ನನಗೆ ಉಳಿಸಲಿಲ್ಲ.